ಮಗ್ಗ ನಿಲ್ಲಿಸಿ ಕೇಳಿದ ಜಗಳ

ಮನುಷ್ಯರು ಮೆಲ್ಲಗೂ ಮಾತಾಡಬಹುದು ಎಂಬುದು ಶಾಲೆಗೆ ಸೇರುವವರೆಗೆ ನನಗೆ ಗೊತ್ತಿರಲಿಲ್ಲ. ಬೆಟಗೇರಿಯ ನಮ್ಮ ಮನೆಯಲ್ಲಿ ನಾಲ್ಕು ವಿದ್ಯುತ್ ಮಗ್ಗಗಳಿದ್ದವು. ಓಣಿಯ ಬಾಗಿಲು ದಾಟಿದರೆ ಪಡಸಾಲೆ, ಅದಕ್ಕೆ ಹೊಂದಿಕೊಂಡು ತಗಡಿನ ಚಾವಣಿಯ ಉದ್ದನೆಯ ಮಗ್ಗದ ಮನೆ, ಅದರ ಬಲಕ್ಕೆ ನೂಲಿಡುವ ಕತ್ತಲ ಕೋಣೆ, ಹಿಂದೆ ಅಡುಗೆಮನೆ, ಅದರಾಚೆ ಹಿತ್ತಲು. ಅಡುಗೆಮನೆಯಿಂದ ಪಡಸಾಲೆಗೆ ಬರಬೇಕಾದರೆ ಮಗ್ಗಗಳ ನಡುವೆಯೇ ಹಾಯಬೇಕು. ಹೀಗಾಗಿ ನಮ್ಮ ಊಟ, ಪೂಜೆ, ಓದು, ಮುನಿಸು ಎಲ್ಲವೂ ಮಗ್ಗದ ಖಟ್‌ಪಟ್ ಸದ್ದಿನೊಳಗೇ ನಡೆಯುತ್ತಿದ್ದವು. ಆ ಸದ್ದಿನಲ್ಲಿ ಮಾತಿಗೆ ಎರಡೇ ದಾರಿ: ಕೈಸನ್ನೆ, ಇಲ್ಲವೇ ಒದರುವುದು. ಅವ್ವ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಐದೂ ಬೆರಳು ಕೂಡಿಸಿ ಬಾಯಿಗೆ ಒಯ್ದರೆ ರೊಟ್ಟಿ ಆಗಿದೆ ಎಂದು ಅರ್ಥ. ಅಂಗೈಯನ್ನು ಬಟ್ಟಲಿನಂತೆ ಮಾಡಿದರೆ ಚಹಾ. ಎರಡು ಬೆರಳು ಕತ್ತರಿಯಂತೆ ಆಡಿದರೆ ಎಲ್ಲೋ ಎಳೆ ಹರಿದಿದೆ ಎಂದು. ಸನ್ನೆಯಲ್ಲಿ ಮುಗಿಯದ್ದನ್ನು ಒದರಿ ಹೇಳಬೇಕು. ಪ್ರೀತಿಗೂ ಸಿಟ್ಟಿಗೂ ಉಪ್ಪು ಹೆಚ್ಚಾಯಿತು ಎಂಬ ದೂರಿಗೂ ನಮ್ಮಲ್ಲಿ ಒಂದೇ ಗಂಟಲು.

ಇದನ್ನು ಹೊರಗಿನವರು ಅರ್ಥ ಮಾಡಿಕೊಳ್ಳುತ್ತಿರಲಿಲ್ಲ. ಒಮ್ಮೆ ಮುಂಡರಗಿಯಿಂದ ಬಂದ ದೂರದ ಬೀಗರೊಬ್ಬರು ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕುಳಿತಿದ್ದರು. ಒಳಗೆ ಅಪ್ಪ ಮತ್ತು ಅವನ ತಮ್ಮ, ನನ್ನ ಈರಪ್ಪ ಕಾಕಾ, ಊಟಕ್ಕೆ ಕುಳಿತಿದ್ದರು.

"ನಿಂದೂ ತಿಂದಿ, ನಂದೂ ತಿಂದಿ! ನಾಚಿಕಿ ಐತೇನು ನಿನಗ?"

"ತಿಂದೆ! ಏನ್ ಮಾಡ್ತಿ? ಕಡೀತಿ? ಕಡೀ ಬಾ!"

ಬೀಗರು ಚಹಾದ ಬಸಿ ಕೆಳಗಿಟ್ಟು, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಬೆಟಗೇರಿಯ ಅಣ್ಣತಮ್ಮಂದಿರು ಆಸ್ತಿಗಾಗಿ ಬಡಿದಾಡುತ್ತಿದ್ದಾರೆ ಎಂಬ ಖಬರು ಮುಂಡರಗಿಗೆ ಹೋಗಿ, ಅಲ್ಲಿ ಬೆಳೆದು, ತಿರುಗಿ ನಮ್ಮ ಮನೆಗೇ ಬಂತು. ನಡೆದದ್ದು ಇಷ್ಟೆ: ಅಪ್ಪನ ಪಾಲಿನ ಝುಣಕವನ್ನೂ ಕಾಕಾ ತಿಂದಿದ್ದ. ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಆ ನಗು ಮಗ್ಗದ ಸದ್ದು ದಾಟಿ ಪಡಸಾಲೆಗೆ ಬಂದಿರಲಿಲ್ಲ, ಬೈಗುಳ ಮಾತ್ರ ಬಂದಿತ್ತು.

ಆ ಮನೆಯಲ್ಲಿ ಒದರದೆ ಬದುಕುತ್ತಿದ್ದವಳು ಒಬ್ಬಳೇ, ನಮ್ಮ ಬೆಕ್ಕು. ಬೂದು ಬಣ್ಣ, ಒಂದು ಕಿವಿಯ ತುದಿ ಹರಿದಿತ್ತು. ನೇಕಾರರ ಮನೆಗೆ ಬೆಕ್ಕು ಮುದ್ದಿಗಾಗಿ ಬರುವುದಿಲ್ಲ. ಹಾಸಿನ ಎಳೆಗೆ, ಅಂದರೆ ಮಗ್ಗಕ್ಕೆ ಉದ್ದುದ್ದ ಹೂಡುವ ನೂಲಿಗೆ, ಗಂಜಿ ಹಾಕಿರುತ್ತಾರೆ, ಇಲಿಗೆ ಆ ಗಂಜಿ ಪರಮ ರುಚಿ. ಮಗ್ಗ ಏರಿದ ಹಾಸನ್ನು ಇಲಿ ಕಡಿದರೆ ಎಳೆ ಎಳೆ ಹುಡುಕಿ ಗಂಟು ಹಾಕಬೇಕು. ಈಕೆ ಅದನ್ನು ವರ್ಷಗಟ್ಟಲೆ ತಪ್ಪಿಸಿದ್ದಳು. ಈಗ ವಯಸ್ಸಾಗಿತ್ತು. ಒಂದು ಬೆಳಿಗ್ಗೆ ಮೂರನೆಯ ಮಗ್ಗದ ಹಾಸಿನಲ್ಲಿ ಗೇಣಗಲ ಹರಿದಿತ್ತು, ಅದರ ಪಕ್ಕದಲ್ಲೇ ಆಕೆ ಸುತ್ತಿಕೊಂಡು ಮಲಗಿದ್ದಳು. ಕಾಕಾ ಸಂಜೆಯವರೆಗೆ ಬಗ್ಗಿ ಗಂಟು ಹಾಕಿದ. ಅಪ್ಪನ ತಾಯಿ, ನಾನು ಆಯಿ ಎಂದು ಕರೆಯುತ್ತಿದ್ದ ನೀಲವ್ವ, ಅಂದೇ ತೀರ್ಪು ಕೊಟ್ಟಳು: ಒಂದು ಮರಿ ತರಬೇಕು, ಇವಳ ಕೈಕೆಳಗೆ ಅದು ಕಲಿಯಬೇಕು.

ಅಮಾವಾಸ್ಯೆಯ ದಿನ ನಮ್ಮ ಓಣಿಯಲ್ಲಿ ಯಾರೂ ಮಗ್ಗ ನಡೆಸುತ್ತಿರಲಿಲ್ಲ. ಎಣ್ಣೆ ಬಿಟ್ಟು, ಒರೆಸಿ, ಊದುಬತ್ತಿ ಹಚ್ಚಿ ಕೈಮುಗಿಯುವ ದಿನ ಅದು. ಬಿಡುವಿದ್ದ ಕಾರಣ ಅಪ್ಪ ಲಕ್ಷ್ಮೇಶ್ವರದ ಅತ್ತೆಯ ಮನೆಗೆ ಹೋಗಿ ಮಧ್ಯಾಹ್ನಕ್ಕೆ ತಿರುಗಿ ಬಂದ. ಕೈಯಲ್ಲಿ ಬಟ್ಟೆಯ ಚೀಲ, ಚೀಲದೊಳಗೆ ಚಲನೆ. ನಾನು ಕುಣಿಯತೊಡಗಿದೆ. ಕೆಂಚು ಬಣ್ಣದ, ಬಿಳಿಯ ಹೊಟ್ಟೆಯ, ಕಿವಿಗಳೇ ದೊಡ್ಡವಾಗಿದ್ದ ಹೆಣ್ಣುಮರಿ ಹೊರಗೆ ತಲೆ ಹಾಕಿತು. ಆಯಿ ಆ ಕ್ಷಣದಲ್ಲೇ ಹೆಸರಿಟ್ಟಳು. ಹಳೆಯವಳು ದೊಡ್ಡಾಕಿ, ಇವಳು ಸಣ್ಣಾಕಿ.

ಆಮೇಲೆ ಆಯಿ ಮಾಡಿದ್ದನ್ನು ನಮ್ಮ ಸೀಮೆಯವರಷ್ಟೇ ಮಾಡಿಯಾರು. ನಮ್ಮ ಕಡೆಯ ಮದುವೆಗಳಲ್ಲಿ ಭೂಮ ಎಂಬ ಊಟವಿದೆ. ಮದುಮಕ್ಕಳು, ಎರಡೂ ಕಡೆಯ ಬಳಗದವರು ಒಂದೇ ದೊಡ್ಡ ತಾಟಿನ ಸುತ್ತ ಕುಳಿತು ಉಣ್ಣುತ್ತಾರೆ. ಒಂದು ತಾಟಿನಲ್ಲಿ ಕೈ ಹಾಕಿದ ಮೇಲೆ ಬೇರೆಯವರು ಎಂಬ ಮಾತಿಲ್ಲ. ಆಯಿ ಹಿತ್ತಾಳೆಯ ತಾಟು ತೊಳೆದು, ಹಾಲು ಅನ್ನ ಕಲಸಿ ಪಡಸಾಲೆಯ ನಡುವೆ ಇಟ್ಟಳು. ಒಂದು ಬದಿಗೆ ದೊಡ್ಡಾಕಿಯನ್ನು ಕೂರಿಸಿ, ಇನ್ನೊಂದು ಬದಿಗೆ ಸಣ್ಣಾಕಿಯನ್ನು ಇಳಿಸಿದಳು.

"ಯವ್ವಾ, ಅವು ಬೆಕ್ಕು, ಬೀಗ್ರಲ್ಲ," ಎಂದ ಕಾಕಾ.

"ಬೀಗ್ರಕಿಂತ ಚಲೋ ಇರ್ತಾವು. ನೀ ಸುಮ್ನ ಕುಂಡ್ರು. ಒಂದ ತಾಟಿನ್ಯಾಗ ಉಂಡ್ರ ಮುಗೀತು."

ಮುಗಿಯಿತು, ನಿಜ. ದೊಡ್ಡಾಕಿ ಮೊದಲು ಅಲ್ಲಾಡಲಿಲ್ಲ. ಅವಳ ಕಿವಿಗಳು ಹಿಂದಕ್ಕೆ ಹೋಗಿ ತಲೆಗೆ ಅಂಟಿಕೊಂಡವು, ಬಾಲ ಹಿಂಜಿದ ಹತ್ತಿಯಂತೆ ಉಬ್ಬಿತು. ಹೊಟ್ಟೆಯ ಆಳದಿಂದ ಒಂದು ಗುರುಗುಟ್ಟುವ ಸದ್ದು ಹೊರಟು, ಉಸಿರೇ ಬಿಡದಂತೆ ಎಳೆಯುತ್ತ ಹೋಯಿತು. ಮರಿ ಅದನ್ನು ಲೆಕ್ಕಿಸದೆ ತಾಟಿಗೆ ಮೂತಿ ಇಟ್ಟಿತು. ಆಗ ಕಾದ ಹಂಚಿಗೆ ನೀರು ಹೊಡೆದಂತೆ ಫುಸ್ ಎಂಬ ಸದ್ದು, ಹಿಂದೆಯೇ ಪಂಜಾ. ತಾಟು ಬೋರಲು ಬಿತ್ತು, ಅನ್ನ ಗೋಡೆಗೆ ಹಾರಿತು, ಮರಿ ಚೀರುತ್ತ ಸಿಂಬೆಯ ಮೇಲಿದ್ದ ಕೊಡದ ಹಿಂದೆ ನುಸುಳಿತು. ಅದರ ಮೂಗಿನ ಮೇಲೆ ರಕ್ತದ ಗೆರೆ ಮೂಡಿತ್ತು. ನಾನು ಅಳುತ್ತಿದ್ದೆ, ಅವ್ವ ಆಯಿಗೆ ಒದರುತ್ತಿದ್ದಳು, ಆಯಿ ದೊಡ್ಡಾಕಿಗೆ ಒದರುತ್ತಿದ್ದಳು. ಕಾಕಾ ಮಾತ್ರ ಒದರಲಿಲ್ಲ. ಚಿಕ್ಕವನಿದ್ದಾಗ ಇದೇ ಹಿತ್ತಲಲ್ಲಿ ಗಂಡುಬೆಕ್ಕೊಂದು ಮರಿಯನ್ನು ಕೊಂದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಅದನ್ನು ನಾನು ಕೇಳಿದ್ದು ಅಂದೇ ಮೊದಲು.

"ಇದನ್ನ ಇಟಗೊಂಡು ಕೊಲ್ಲೂದು ಬ್ಯಾಡ. ಹರ್ತಿಗೆ ಕೊಟ್ಟು ಬಿಡೂಣು," ಎಂದ.

ಹರ್ತಿಯಿಂದ ದಿನಾ ಬೆಳಿಗ್ಗೆ ಹಾಲು ತರುತ್ತಿದ್ದ ನಿಂಗಪ್ಪನಿಗೆ ಒಂದು ಬೆಕ್ಕು ಬೇಕಾಗಿತ್ತು. ಮರುದಿನ ಅವನು ಕ್ಯಾನಿನೊಂದಿಗೆ ಬಾಗಿಲಲ್ಲಿ ನಿಂತಾಗ ನಾನೇ ವಿಚಾರಣೆ ನಡೆಸಿದೆ.

"ನಿಮ್ಮಲ್ಲಿ ನಾಯಿ ಅದಾವೇನು?"

"ಅದಾವಲ್ಲ, ಮೂರು. ಬೆಕ್ಕ ಶಾಣ್ಯಾ ಇದ್ರ ಉಳೀತೈತಿ ತಗೋ."

"ಶಾಣ್ಯಾ ಇರದಿದ್ರ?"

ನಿಂಗಪ್ಪ ಹಾಲು ಅಳೆಯುವುದರಲ್ಲಿ ಮಗ್ನನಾದ.

ನಾನು ಆಯಿಯ ಸೆರಗು ಹಿಡಿದು ಬಿಡಲಿಲ್ಲ. ಆಯಿ ಬಹಳ ಹೊತ್ತು ಎಲೆಅಡಿಕೆ ಅಗಿದು, ತನ್ನ ತಪ್ಪನ್ನು ತನ್ನ ರೀತಿಯಲ್ಲೇ ಒಪ್ಪಿದಳು.

"ಲಗ್ನದಕಿಂತ ಮೊದಲ ಭೂಮ ಮಾಡಿದ್ವಿ. ಹೆಣ್ಣು ನೋಡೂ ಶಾಸ್ತ್ರಾನ ಆಗಿದ್ದಿಲ್ಲ."

ಎಲ್ಲ ಮೊದಲಿನಿಂದ ಶುರುವಾಯಿತು. ಸಣ್ಣಾಕಿಯನ್ನು ನೂಲಿನ ಕೋಣೆಯಲ್ಲಿಟ್ಟು ಬಾಗಿಲು ಹಾಕಿದೆವು. ಆಯಿ ತನ್ನ ಹಳೆಯ ಸೀರೆಯನ್ನು ಹರಿದು ಎರಡು ತುಂಡು ಮಾಡಿದಳು. ಒಂದು ದೊಡ್ಡಾಕಿಯ ಹಾಸಿಗೆ, ಇನ್ನೊಂದು ಸಣ್ಣಾಕಿಯದು. ದಿನಾ ಅವನ್ನು ಅದಲು ಬದಲು ಮಾಡುವ ಕೆಲಸ ನನ್ನದು. ವಾಸನೆಯ ಪರಿಚಯ ಮುಖದ ಪರಿಚಯಕ್ಕಿಂತ ಮೊದಲು ಆಗಬೇಕು ಎಂದಳು. ಮುಚ್ಚಿದ ಬಾಗಿಲಿನ ಆಚೆಗೊಂದು ಬಟ್ಟಲು, ಈಚೆಗೊಂದು ಬಟ್ಟಲು. ಮೊದಮೊದಲು ದೊಡ್ಡಾಕಿ ಬಾಗಿಲ ವಾಸನೆಗೇ ಗುರುಗುಟ್ಟಿ ಊಟ ಬಿಟ್ಟು ಹೋಗುತ್ತಿದ್ದಳು. ಬಟ್ಟಲನ್ನು ದೂರ ಸರಿಸಿದೆವು, ಮೆಲ್ಲಗೆ ಹತ್ತಿರ ತಂದೆವು. ಒಂದು ದಿನ ಬಾಗಿಲ ಕೆಳಗಿನ ಸಂದಿಯಿಂದ ಕೆಂಚು ಪಂಜಾ ಹೊರಬಂದು ದೊಡ್ಡಾಕಿಯ ಬಟ್ಟಲನ್ನು ತಟ್ಟಿತು. ದೊಡ್ಡಾಕಿ ಅದನ್ನು ಮೂಸಿ, ತಿನ್ನುವುದನ್ನು ಮುಂದುವರಿಸಿದಳು. ನಾನು ಮಗ್ಗಗಳ ನಡುವೆ ಓಡಿ ಸುದ್ದಿ ಮುಟ್ಟಿಸಿದೆ. ಅಪ್ಪ ಕೈಯಲ್ಲಿದ್ದ ಲಾಳಿ ಎತ್ತಿ ಸಲಾಮು ಹೊಡೆದ. ಬಾಗಿಲು ತೆರೆಯುವ ದಿನ ಕಾಕಾ ತನ್ನ ಷರತ್ತು ಹೇಳಿದ. ಇನ್ನೊಮ್ಮೆ ಹಾಗೆ ಆದರೆ ಮರಿ ಹರ್ತಿಗೆ. ಆಯಿ ಒಪ್ಪಿದಳು. ನಾನೂ ಒಪ್ಪಬೇಕಾಯಿತು.

ಆದರೆ 'ಹಾಗೆ ಆಯಿತು' ಎಂದು ಹೇಳುವವರು ಯಾರು? ಬಾಗಿಲು ತೆರೆದ ಮೇಲೆ ಎರಡೂ ದಿನವಿಡೀ ಉರುಳಾಡತೊಡಗಿದವು. ಮಗ್ಗದ ಕಾಲುಗಳ ಕೆಳಗೆ ಒಂದು ಬೂದು ಉಂಡೆ, ಒಂದು ಕೆಂಚು ಉಂಡೆ, ಒಂದರ ಮೇಲೊಂದು. ಅವ್ವ ಅಡುಗೆಮನೆಯಿಂದ ನೋಡಿದಾಗಲೆಲ್ಲ ಅವಳಿಗೆ ಕಾಣುತ್ತಿದ್ದದ್ದು ಕುತ್ತಿಗೆ ಹಿಡಿದ ಹಲ್ಲು. ಕಾಕಾಗೆ ಕಾಣುತ್ತಿದ್ದದ್ದು ಹಿಂಗಾಲಿನ ಒದೆ. ನಾನು ಮೂಲೆಯ ನೂಲಿನ ಗಂಟಿನ ಮೇಲೆ ಕುಳಿತು ನೋಡುತ್ತಿದ್ದೆ, ನನಗೆ ಬೇರೆ ಸಂಗತಿಗಳು ಕಾಣುತ್ತಿದ್ದವು. ಒಮ್ಮೆ ದೊಡ್ಡಾಕಿ ಬೆನ್ನಟ್ಟಿದರೆ ಇನ್ನೊಮ್ಮೆ ಸಣ್ಣಾಕಿ ಬೆನ್ನಟ್ಟುತ್ತಿದ್ದಳು. ಒಮ್ಮೆ ಇವಳು ಮೇಲೆ, ಒಮ್ಮೆ ಅವಳು ಮೇಲೆ. ನಡುವೆ ಇಬ್ಬರೂ ತಟ್ಟನೆ ಬಿಟ್ಟು ಕುಳಿತು, ಏನೂ ಆಗಿಲ್ಲವೆಂಬಂತೆ ಪಂಜಾ ನೆಕ್ಕುತ್ತಿದ್ದರು. ಬಾಲ ಉಬ್ಬುತ್ತಿರಲಿಲ್ಲ. ಕಿವಿ ತಲೆಗೆ ಅಂಟುತ್ತಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ತಪ್ಪಿಸಿಕೊಂಡು ಓಡಿದ ಮರಿ ತಾನಾಗಿಯೇ ತಿರುಗಿ ಬರುತ್ತಿತ್ತು.

"ಅವ್ವಾ, ಅವು ಆಟ ಆಡಾಕತ್ತಾವು!"

"ಕುತ್ತಿಗಿ ಹಿಡದಾಳ, ಆಟ ಅಂತಿಯಲ್ಲಲೇ!"

"ಬಿಡ್ತಾಳ ನೋಡು!"

"ಬಿಡೂತನಕ ಅದರ ಜೀವ ಇರಬೇಕಲ್ಲ!"

ನನ್ನಲ್ಲೂ ಅನುಮಾನ ಇರಲಿಲ್ಲ ಎಂದಲ್ಲ. ಎಷ್ಟೋ ಸಲ ಕಾಲುಗಳ ಗೋಜಲಿನಲ್ಲಿ ಕಿವಿ, ಬಾಲ ಯಾವುದೂ ಕಾಣುತ್ತಿರಲಿಲ್ಲ. ದೊಡ್ಡಾಕಿಯ ಬಾಯಿ ತೆರೆದದ್ದು ಕಾಣುತ್ತಿತ್ತು. ಅದರೊಳಗಿಂದ ಹೊರಟದ್ದೇನು ಎಂಬುದು ಗೊತ್ತಾಗುತ್ತಿರಲಿಲ್ಲ. ಅಮಾವಾಸ್ಯೆಯ ಜಗಳವನ್ನು ನಾವು ನೋಡಿದ್ದಷ್ಟೇ ಅಲ್ಲ, ಕೇಳಿದ್ದೆವು. ಇದು ನನಗೆ ಹೊಳೆಯಲು ಒಂದು ಕೆಟ್ಟ ಬೆಳಿಗ್ಗೆ ಬೇಕಾಯಿತು.

ಅಂದು ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು, ಹಿಟ್ಟಿನ ಕೈಯಲ್ಲೇ ಮಗ್ಗದ ಮನೆಗೆ ಓಡಿ ಬಂದಳು. ಬಾಯಿ ತೆರೆದಿತ್ತು, ಮಾತು ಕೇಳುತ್ತಿರಲಿಲ್ಲ. ಅವಳ ಕೈ ಕುತ್ತಿಗೆಯನ್ನು ತೋರಿಸಿ, ನೆಲವನ್ನು ತೋರಿಸಿತು. ಮೊದಲ ಮಗ್ಗದ ಕೆಳಗೆ ಸಣ್ಣಾಕಿ ಅಂಗಾತ ಬಿದ್ದಿದ್ದಳು, ದೊಡ್ಡಾಕಿ ಮೇಲಿದ್ದಳು, ಸಣ್ಣಾಕಿಯ ಕುತ್ತಿಗೆ, ಎದೆ, ಒಂದು ಕಿವಿ ಕೆಂಪು ಕೆಂಪು. ಕಾಕಾ ಜಿಗಿದು ಇಬ್ಬರ ನಡುವೆ ಕೈ ಹಾಕಿ ಮರಿಯನ್ನು ಎಳೆದುಕೊಂಡ. ದೊಡ್ಡಾಕಿ ಎರಡನೆಯ ಮಗ್ಗದ ಕೆಳಗೆ ಸರಿದಳು. ನಿಂಗಪ್ಪ ಆಗಷ್ಟೇ ಹಾಲು ಹಾಕಿ ಬಾಗಿಲಲ್ಲಿದ್ದ. ಕಾಕಾ ಅವನನ್ನು ಸನ್ನೆ ಮಾಡಿ ಕರೆದ. ನಿಂಗಪ್ಪ ಗಾಡಿಯ ಹಿಂದಿನ ಖಾಲಿ ಗೋಣಿಚೀಲ ಬಿಚ್ಚಿಕೊಂಡು ಒಳಗೆ ಬಂದ.

ಆಯಿ ಅವಸರ ಮಾಡಲಿಲ್ಲ. ಮರಿಯನ್ನು ಕಾಕಾನ ಎದೆಯಲ್ಲಿದ್ದಂತೆಯೇ ಹಿಡಿದು, ಕುತ್ತಿಗೆಯನ್ನು ಬೆರಳಿನಿಂದ ಒರೆಸಿ ಮೂಗಿಗೆ ಹಿಡಿದಳು. ಮತ್ತೊಮ್ಮೆ ಒರೆಸಿ ಅವ್ವನ ಮೂಗಿಗೂ ಹಿಡಿದಳು. ಆಮೇಲೆ ಹಿತ್ತಲ ಕಡೆ ಕೈ ತೋರಿಸಿದಳು. ಹಿಂದಿನ ದಿನ ಬಣ್ಣ ಹಾಕಿದ ಕೆಂಪು ನೂಲಿನ ಲಡಿಗಳು ಹಗ್ಗದ ಮೇಲೆ ಇನ್ನೂ ತೊಟ್ಟಿಕ್ಕುತ್ತಿದ್ದವು. ಅವುಗಳ ಕೆಳಗೆ ಮಲಗುವುದು ಸಣ್ಣಾಕಿಯ ಹೊಸ ಚಟವಾಗಿತ್ತು. ಹುಟ್ಟಿದಾಗಿನಿಂದ ಬಣ್ಣದ ನೂಲಿನಲ್ಲೇ ಕೈಯಾಡಿಸಿದ ಮನೆಯವರು ಬಣ್ಣವನ್ನು ರಕ್ತವೆಂದು ತಿಳಿದಿದ್ದರು. ಮುಂದೆ ಪತ್ರಿಕೆಯ ಕೆಲಸಕ್ಕೆ ಸೇರಿ ಸುದ್ದಿಮನೆಯಲ್ಲಿ ಕಣ್ಣಾರೆ ಕಂಡವರ ಹೇಳಿಕೆಗಳನ್ನು ಬರೆದುಕೊಳ್ಳುವಾಗ ಅವ್ವನ ಹಿಟ್ಟಿನ ಕೈ ನನಗೆ ಎಷ್ಟೋ ಸಲ ನೆನಪಾಗಿದೆ. ಅವಳು ಸುಳ್ಳು ಹೇಳಿರಲಿಲ್ಲ, ಕೆಂಪು ಕಂಡದ್ದು ನಿಜವೇ.

ಕಾಕಾ ಅಷ್ಟಕ್ಕೆ ಸಮಾಧಾನಗೊಳ್ಳಲಿಲ್ಲ.

"ಇವತ್ತು ಬಣ್ಣ! ನಾಳಿ ರಕ್ತ ಆದ್ರ? ಮ್ಯಾಲ ಕುಂತು ಒತ್ತಿದ್ದಳಲ್ಲ, ಅದೂ ಬಣ್ಣ ಏನು?" ಅವನು ಆಯಿಯ ಕಿವಿಯಲ್ಲಿ ಒದರಿದ. "ಜಗಳೋ ಆಟೋ, ಯಾರಿಗೆ ತಿಳೀತೈತಿ? ನನಗ ನೋಡಾಕ ಆಗೂದಿಲ್ಲ!"

ಅವನ ಕಣ್ಣುಗಳು ತುಂಬಿದ್ದವು. ಅವನು ಮರಿಯ ವೈರಿಯಲ್ಲ ಎಂಬುದು ನನಗೆ ಆಗ ಪೂರ್ತಿ ಅರ್ಥವಾಯಿತು, ಭಯವೂ ಹೆಚ್ಚಾಯಿತು. ಪ್ರೀತಿಯಿಂದ ಕಳಿಸುವವನನ್ನು ತಡೆಯುವುದು ಹೇಗೆ? ಮರಿಯ ತಲೆ ಗೋಣಿಚೀಲದ ಬಾಯಿಯ ಹತ್ತಿರವಿತ್ತು. ನಾನು ಅಪ್ಪನ ಅಂಗಿ ಜಗ್ಗಿ, ಅವನು ಬಗ್ಗಿದ ಕೂಡಲೇ ಎದೆಯಲ್ಲಿದ್ದ ಉಸಿರನ್ನೆಲ್ಲ ಹಾಕಿ ಕೂಗಿದೆ.

"ಅಪ್ಪಾ, ಅಮಾಸಿ ದಿನ ಕೇಳಿಸಿತ್ತು! ಮಗ್ಗ ಬಂದ್ ಮಾಡು, ಕೇಳೂಣು!"

ಹಗಲು ಹೊತ್ತಿನಲ್ಲಿ ಮಗ್ಗ ನಿಲ್ಲಿಸುವುದು ಸಣ್ಣ ಮಾತಲ್ಲ. ನಿಂತು ಮತ್ತೆ ಹೊರಟ ಮಗ್ಗ ಬಟ್ಟೆಯ ಮೇಲೆ ಸಣ್ಣದೊಂದು ಅಡ್ಡಗೆರೆ ಬಿಡುತ್ತದೆ. ಗಿರಾಕಿಯ ಬೆರಳು ಅದನ್ನು ಹುಡುಕಿಯೇ ಹುಡುಕುತ್ತದೆ. ಅಪ್ಪ ನನ್ನನ್ನು ನೋಡಿದ, ತಮ್ಮನನ್ನು ನೋಡಿದ. ಆಮೇಲೆ ಮೊದಲ ಮಗ್ಗದ ಹತ್ತಿರ ಹೋಗಿ, ಲಾಳಿ ಗೂಡು ಸೇರುವುದನ್ನು ಕಾದು ಹಿಡಿಕೆ ಎಳೆದ. ಎರಡನೆಯದು. ಮೂರನೆಯದು. ಒಂದೊಂದು ನಿಂತಂತೆ ಸದ್ದಿನ ಒಂದೊಂದು ಪದರ ಕಳಚಿತು. ನಾಲ್ಕನೆಯದೂ ನಿಂತಾಗ ಓಣಿಯ ಬೇರೆ ಮನೆಗಳ ಮಗ್ಗಗಳು ಗೋಡೆಯಾಚೆಯ ಗುನುಗಾದವು, ನನ್ನ ಕಿವಿಯಲ್ಲಿ ಗುಂಯ್ ಎಂಬುದಷ್ಟೇ ಉಳಿದು, ಅದೂ ಕರಗಿ, ತಗಡಿನ ಚಾವಣಿ ಬಿಸಿಲಿಗೆ ಟಿಣ್ ಎಂದದ್ದು ಕೇಳಿಸಿತು. ಪಡಸಾಲೆಯ ಗಡಿಯಾರ ಕೇಳಿಸಿತು. ಕೆಲಸದ ದಿನವೂ ನಮ್ಮ ಮನೆಯ ಗಡಿಯಾರ ಸದ್ದು ಮಾಡುತ್ತಲೇ ಇರುತ್ತದೆ ಎಂದು ಅಂದೇ ಹೊಳೆದದ್ದು.

"ಬಿಡು," ಎಂದ ಅಪ್ಪ. ಅಷ್ಟು ಮೆಲ್ಲಗೆ ಅವನು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಕಾಕಾ ಮರಿಯನ್ನು ನೆಲಕ್ಕಿಳಿಸಿದ. ಎಲ್ಲರೂ ಇದ್ದಲ್ಲೇ ಕುಕ್ಕರುಗಾಲಿನಲ್ಲಿ ಕುಳಿತೆವು. ಮೌನಕ್ಕೆ ಬೆಕ್ಕುಗಳೂ ಬೆರಗಾಗಿದ್ದವು. ದೊಡ್ಡಾಕಿ ಎರಡನೆಯ ಮಗ್ಗದ ಕೆಳಗೆ ಕಿವಿ ತಿರುಗಿಸುತ್ತ ಕಲ್ಲಿನಂತೆ ಕುಳಿತಿದ್ದಳು. ಸಣ್ಣಾಕಿ ಒಂದು ಹೆಜ್ಜೆ ಮುಂದಿಟ್ಟು ನಿಂತಳು. ಏನೂ ಆಗಲಿಲ್ಲ. ಕಾಕಾನ ಉಸಿರು ನನಗೆ ಕೇಳುತ್ತಿತ್ತು. ಆಗ ದೊಡ್ಡಾಕಿಯ ಬಾಲದ ತುದಿ ಒಂದಿಷ್ಟು ಅಲುಗಿತು. ಸಣ್ಣಾಕಿ ಹಿಂಭಾಗವನ್ನು ಎತ್ತಿ, ತೂಗಿ, ಹಾರಿದಳು! ಧಪ್. ಇಬ್ಬರೂ ಉರುಳಿದರು. ಕಾಲುಗಳ ಗೋಜಲು, ಕುತ್ತಿಗೆಗೆ ಬಾಯಿ, ಹಿಂಗಾಲಿನ ಒದೆ, ಅದೇ ಅದೇ ನೋಟ. ನಾವು ಕಿವಿಗೊಟ್ಟೆವು. ಗುರುಗುಟ್ಟುವ ಸದ್ದಿಲ್ಲ. ಫುಸ್ ಎಂಬುದಿಲ್ಲ. ನೆಲಕ್ಕೆ ಮೈ ಉಜ್ಜುವ ಸದ್ದು, ಮೆತ್ತನೆಯ ಧಪ್ ಧಪ್, ಅಷ್ಟೆ. ಹಲ್ಲು ತುಸು ಬಿಗಿಯಾಗಿರಬೇಕು, ಸಣ್ಣಾಕಿ ಒಮ್ಮೆ 'ಚಿಂವ್' ಎಂದಳು. ಕಾಕಾ ಎದ್ದೇಬಿಟ್ಟ. ಅವನು ನೆಟ್ಟಗೆ ನಿಲ್ಲುವುದರೊಳಗೆ ದೊಡ್ಡಾಕಿ ಬಾಯಿ ಬಿಟ್ಟು, ಹಿಂದೆ ಸರಿದು ಕುಳಿತಿದ್ದಳು. ಆ ಸಣ್ಣ ಕೂಗನ್ನು ನಾವು ಯಾರೂ ಇಷ್ಟು ದಿನ ಕೇಳಿರಲಿಲ್ಲ, ಅವಳು ಪ್ರತಿ ಸಲವೂ ಕೇಳಿಸಿಕೊಂಡಿದ್ದಳು. ಸಣ್ಣಾಕಿ ಮೈ ಕೊಡವಿ, ಒಂದು ಕ್ಷಣ ಯೋಚಿಸಿ, ಮತ್ತೆ ಅವಳ ಮೇಲೆಯೇ ಜಿಗಿದಳು.

ಕಾಕಾ ನಿಂತವನು ನಿಂತೇ ಇದ್ದ. ಆಮೇಲೆ ಮೆಲ್ಲಗೆ, ತನಗೇ ಹೇಳಿಕೊಂಡಂತೆ ಹೇಳಿದ.

"ಬಿಟ್ಟಳು ನೋಡ್ ಯಣ್ಣಾ. ಚಿಂವ್ ಅಂದಕೂಡ್ಲೆ ಬಿಟ್ಟಳು."

ಅಪ್ಪ ತಲೆಯಾಡಿಸಿದ. ಮಗ್ಗ ಮತ್ತೆ ಹಚ್ಚಬೇಕು ಎಂಬುದು ಯಾರಿಗೂ ನೆನಪಾಗಲಿಲ್ಲ. ಅಷ್ಟರಲ್ಲಿ ಓಣಿಯಲ್ಲಿ ಕಾಲುಗಳ ಸಪ್ಪಳ. ಕರೆಂಟು ಹೋದರೆ ಓಣಿಯ ಮಗ್ಗಗಳೆಲ್ಲ ಒಟ್ಟಿಗೆ ನಿಲ್ಲುತ್ತವೆ. ಉಳಿದವು ನಡೆಯುತ್ತಿರುವಾಗ ಒಂದು ಮನೆಯವು ಮಾತ್ರ ನಿಂತರೆ ಬೆಟಗೇರಿಯ ನೇಕಾರರ ಓಣಿಯಲ್ಲಿ ಅದಕ್ಕೆ ಒಂದೇ ಅರ್ಥ, ಆ ಮನೆಯಲ್ಲಿ ಸಾವಾಗಿದೆ. ಎದುರು ಮನೆಯ ಹುಸೇನಬಿ, ಆಯಿಯ ಬಾಲ್ಯದ ಗೆಳತಿ, ಎಲ್ಲರಿಗಿಂತ ಮುಂದಿದ್ದಳು. ತಲೆಯ ಮೇಲೆ ಸೆರಗು, ಕಣ್ಣಲ್ಲಿ ಆಗಲೇ ನೀರು. ಅವಳ ಹಿಂದೆ ಹೆಂಗಸರು ಗಂಡಸರು ಪಡಸಾಲೆ ತುಂಬ ನಿಂತಿದ್ದರು.

"ಯಾ ಅಲ್ಲಾ! ಯಾರಿಗೇನಾತ ನೀಲವ್ವಾ? ಯಾರಿಗೇನಾತು?"

ಆಯಿ ತಿರುಗಿ ನೋಡಲಿಲ್ಲ. ಅವಳ ಕಣ್ಣು ಮಗ್ಗದ ಕೆಳಗೇ ಇತ್ತು. ತುಟಿಯ ಮೇಲೆ ಬೆರಳಿಟ್ಟು, ಪಿಸುದನಿಯಲ್ಲಿ ಹೇಳಿದಳು.

"ಯಾರಿಗೂ ಏನೂ ಆಗಿಲ್ಲ. ನಮ್ಮನ್ಯಾಗ ಒಬ್ಬಾಕಿ ಹೆಚ್ಚಾಗ್ಯಾಳ. ಬಾ, ಕುಂಡ್ರು. ಒದರಬ್ಯಾಡ."

ಹುಸೇನಬಿ ಒಮ್ಮೆ ನಮ್ಮೆಲ್ಲರ ಮುಖ ನೋಡಿ, ಒಮ್ಮೆ ಬೆಕ್ಕುಗಳನ್ನು ನೋಡಿ, ಕಣ್ಣೊರೆಸಿಕೊಂಡಳು. ನಿಂಗಪ್ಪ ತನ್ನ ಖಾಲಿ ಗೋಣಿಚೀಲವನ್ನು ಎರಡಾಗಿ ಮಡಚಿ ಅವಳಿಗೆ ಕುಳಿತುಕೊಳ್ಳಲು ಹಾಸಿದ.